ಕೆಂಪು ಬೇರೆ, ಖಾರ ಬೇರೆ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ಹೋದರೆ ಮೊದಲು ಸೀನು, ಆಮೇಲೆ ಮಾತು. ದಲಾಲರ ಅಂಗಡಿ ಮುಂದೆ ಚೀಲಗಳ ಬಾಯಿ ಬಿಚ್ಚಿರುತ್ತಾರೆ. ಖರೀದಿದಾರ ಬಂದು ಮುಷ್ಟಿಗೆ ನಾಲ್ಕು ಕಾಯಿ ಎತ್ತಿಕೊಳ್ಳುತ್ತಾನೆ. ಒಂದನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ, ಸಿಪ್ಪೆಯ ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸುತ್ತಾನೆ, ಮುರಿದು ಬೀಜ ಉದುರಿಸುತ್ತಾನೆ, ಮೂಸುತ್ತಾನೆ. ಕಡ್ಡಿ ತಳಿ ಉದ್ದ, ತೆಳು. ಡಬ್ಬಿ ತಳಿ ಗಿಡ್ಡ, ದುಂಡು. ತೇವ ಎಷ್ಟಿದೆ, ಈ ವರ್ಷದ್ದೋ ಹೋದ ವರ್ಷದ್ದೋ, ಹೊಲದಿಂದ ನೇರ ಬಂದದ್ದೋ ಕೋಲ್ಡ್ ಸ್ಟೋರೇಜಿನಿಂದ ಎದ್ದು ಬಂದದ್ದೋ, ಎಲ್ಲವೂ ಕೈಗೆ ಸಿಗುತ್ತದೆ. "ಕಾಯಿ ಕೈಯಾಗ ಹಿಡದ್ರ ಸಾಕ್ರೀ, ಅದ ಎಲ್ಲಾ ಹೇಳ್ತೈತಿ" ಎಂದು ಅಲ್ಲಿನ ಹಿರಿಯ ವರ್ತಕರೊಬ್ಬರು ನನಗೆ ಹೇಳಿದ್ದರು. ಆ ಕೈಯ ಮೇಲೆ ನನಗೆ ಬಹಳ ಗೌರವ. ಆದರೆ ಆ ಕೈಗೂ ಸಿಗದ ಸಂಗತಿಗಳು ಒಂದು ಮೆಣಸಿನಕಾಯಿಯೊಳಗೆ ಇವೆ. ಈ ಹರಟೆ ಅವುಗಳ ಬೆನ್ನು ಹತ್ತಿ ಹೊರಟಿದೆ.

ಕೆಂಪಗಿದ್ದರೆ ಖಾರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬ್ಯಾಡಗಿ ಕಾಯಿ ಇದನ್ನು ದಿನವೂ ಸುಳ್ಳು ಮಾಡುತ್ತದೆ. ಸಾರಿಗೆ ಬಣ್ಣ ಬೇಕೆಂದರೆ ಬ್ಯಾಡಗಿ, ಖಾರ ಬೇಕೆಂದರೆ ಗುಂಟೂರು ಅಂತ ನಮ್ಮ ಹೆಣ್ಣುಮಕ್ಕಳು ಯಾವ ಪುಸ್ತಕವನ್ನೂ ಓದದೆ ಲೆಕ್ಕ ಹಾಕಿಟ್ಟಿದ್ದಾರೆ. 2011ರಲ್ಲಿ ಈ ಕಾಯಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಅದರ ಕೆಂಪನ್ನು ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಮುಂತಾದ ವರ್ಣದ್ರವ್ಯಗಳು ಕೊಡುತ್ತವೆ, ಅವು ಇರುವುದು ಸಿಪ್ಪೆಯಲ್ಲಿ. ಖಾರ ಕೊಡುವುದು ಕ್ಯಾಪ್ಸೈಸಿನ್ ಮತ್ತು ಅದರ ದಾಯಾದಿಗಳು, ಅವು ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಕ್ಯಾಪ್ಸೈಸಿನ್ನಿಗೆ ಬಣ್ಣವೇ ಇಲ್ಲ. ಒಂದೇ ಕಾಯಿಯೊಳಗೆ ಎರಡು ಬೇರೆ ಬೇರೆ ಸಂಸಾರ ನಡೆಯುತ್ತಿರುತ್ತವೆ. ನಮ್ಮ ನಾಲಿಗೆ, ಕಣ್ಣುಗಳಿಗೆ ಮಾತ್ರ ಅವು ಕೂಡಿಯೇ ಬಂದು ತಲುಪುತ್ತವೆ.

ಮೆಣಸಿನಕಾಯಿ ಪರದೇಶಕ್ಕೆ ಹೋಗಬೇಕಾದಾಗ ಕೈಯ ಮಾತು ಸಾಲುವುದಿಲ್ಲ, ಅಂಕಿ ಬೇಕು. ಬಣ್ಣಕ್ಕೊಂದು ಅಂಕಿಯಿದೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಇಳಿದ ಕೆಂಪು ರಸದೊಳಗೆ 460 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ನೋಡಿದರೆ ಆಯಿತು. ವ್ಯಾಪಾರಿಗಳ ಬಾಯಲ್ಲಿ ಅದು ಆಸ್ತಾ ಕಲರ್. ಹೆಚ್ಚು ಅಂಕಿಗೆ ಹೆಚ್ಚು ಬೆಲೆ. ಸರಳ, ಅಗ್ಗ, ಬೇಗ ಮುಗಿಯುವ ಪರೀಕ್ಷೆ. ಆದರೆ ಅದು ಅಳೆಯುವುದು ಒಟ್ಟು ಮೊತ್ತವನ್ನು. ಬೆಳಕನ್ನು ಹೀರಿದ್ದು ಯಾರು ಎಂದು ಅದು ಕೇಳುವುದಿಲ್ಲ.

ಯಾರು ಎಂದು ಕೇಳದ ಪರೀಕ್ಷೆಯ ಬಾಗಿಲಲ್ಲಿ ಕಳ್ಳ ನುಗ್ಗುವುದು ಸುಲಭ. 2003ರ ಮೇ ತಿಂಗಳಲ್ಲಿ, ಭಾರತದಿಂದ ಬಂದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಎಂಬ ಬಣ್ಣ ಸಿಕ್ಕಿದೆ ಎಂದು ಫ್ರಾನ್ಸ್ ದೇಶ ಯೂರೋಪಿನ ಉಳಿದ ದೇಶಗಳಿಗೆ ಸುದ್ದಿ ಮುಟ್ಟಿಸಿತು. ಸುಡಾನ್-1 ಅಂದರೆ ಮೇಣ, ಎಣ್ಣೆ, ಪಾಲಿಶ್‌ಗಳಿಗೆ ಹಾಕುವ ಕಾರ್ಖಾನೆಯ ಬಣ್ಣ. ತಿನ್ನುವ ಪದಾರ್ಥಕ್ಕೆ ಅದನ್ನು ಹಾಕುವಂತೆಯೇ ಇಲ್ಲ. ಎರಡು ವರ್ಷ ಕಳೆದ ಮೇಲೆ 2005ರಲ್ಲಿ ಇಂಗ್ಲೆಂಡಿನ ಒಂದು ಸಾಸಿನಲ್ಲಿ ಇದೇ ಬಣ್ಣ ಸಿಕ್ಕಿತು. ಆ ಸಾಸು ಬೇರೆ ಬೇರೆ ಸಿದ್ಧ ಆಹಾರಗಳಿಗೆಲ್ಲ ಸೇರಿಹೋಗಿತ್ತು. 400ಕ್ಕೂ ಹೆಚ್ಚು ಬಗೆಯ ಪದಾರ್ಥಗಳನ್ನು ಅಂಗಡಿಗಳ ಕಪಾಟುಗಳಿಂದ ವಾಪಸ್ಸು ಪಡೆಯಬೇಕಾಯಿತು. ಚಿಟಿಕೆ ಬಣ್ಣ ಬೆರೆಸಿದವನು ಯಾವನೋ. ಕಳಂಕ ಹೊತ್ತುಕೊಂಡಿದ್ದು ಮಾತ್ರ ನಿಯತ್ತಿನಿಂದ ಬೆಳೆದ ರೈತನ ಕಾಯಿ. ನನಗೆ ಈಗಲೂ ಆ ವಿಷಯ ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂಥಲ್ಲಿ ಕೈಹಿಡಿದದ್ದು ಲಿಕ್ವಿಡ್ ಕ್ರೊಮ್ಯಾಟೊಗ್ರಫಿ. ಲ್ಯಾಬಿನವರು ಎಚ್‌ಪಿಎಲ್‌ಸಿ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಮಿಶ್ರಣವನ್ನು ಮೊದಲು ಬಿಡಿಸು, ಆಮೇಲೆ ಒಂದೊಂದನ್ನೂ ಅಳೆ ಎಂಬುದು ಅದರ ಕೆಲಸ. ಒಂದೇ ರಸದಿಂದ ಮೆಣಸಿನಕಾಯಿಯ ಸಹಜ ಕೆಂಪು ಒಂದು ಹೊತ್ತಿಗೆ, ಸುಡಾನ್ ಇನ್ನೊಂದು ಹೊತ್ತಿಗೆ ಹೊರಗೆ ಬೀಳುತ್ತದೆ. ಒಟ್ಟು ಕೆಂಪಿನ ಮರೆಯಲ್ಲಿ ಅಡಗಿದ್ದ ಬಣ್ಣಕ್ಕೆ ಆಮೇಲೆ ಅಡಗಲು ಜಾಗವಿರುವುದಿಲ್ಲ.

ಬಿಡಿಸುವುದು ಹೇಗೆ ಎಂದು ಕೇಳಿದವರಿಗೆ ನಾನು ಮದುವೆ ಛತ್ರವನ್ನು ತೋರಿಸುತ್ತೇನೆ. ಊಟ ಮುಗಿದು ಒಂದು ಬಸ್ಸಿನ ಮಂದಿ ಒಟ್ಟಿಗೆ ಎದ್ದರು ಅನ್ನಿ. ಪಂಕ್ತಿಯ ಜಾಗದಿಂದ ಹೊರಬಾಗಿಲಿಗೆ ಒಂದೇ ದಾರಿ, ದಾರಿಯುದ್ದಕ್ಕೂ ಕುರ್ಚಿಗಳಲ್ಲಿ ಬಂಧುಬಳಗ. ಯಾರಿಗೆ ಅಲ್ಲಿ ಪರಿಚಯ ಕಡಿಮೆಯೋ ಅವರು ಎಲೆ ಅಡಿಕೆ ತಗೊಂಡು ಸೀದಾ ಬಾಗಿಲಿಗೆ ಬರುತ್ತಾರೆ. ಯಾರಿಗೆ ಹೆಜ್ಜೆಗೊಬ್ಬ ಬೀಗರೋ ಅವರನ್ನು ಒಬ್ಬರು ಕೈ ಹಿಡಿದು ನಿಲ್ಲಿಸುತ್ತಾರೆ, ಇನ್ನೊಬ್ಬರು ಮಗಳ ಜಾತಕದ ಮಾತು ತೆಗೆಯುತ್ತಾರೆ. ಒಟ್ಟಿಗೆ ಎದ್ದ ಮಂದಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಗುಂಪು ಗುಂಪಾಗಿ ಒಡೆದಿರುತ್ತಾರೆ. ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತವನು, ಯಾರಿಗೆ ಎಷ್ಟು ನಂಟು ಎಂಬುದನ್ನು ಬಂದ ಹೊತ್ತು ನೋಡಿಯೇ ಹೇಳಬಹುದು.

ಎಚ್‌ಪಿಎಲ್‌ಸಿಯಲ್ಲಿ ಆ ದಾರಿಗೆ ಕಾಲಂ ಎಂದು ಹೆಸರು. ಗೇಣುದ್ದದ ಸ್ಟೀಲ್ ಕೊಳವೆ, ಸಾಮಾನ್ಯವಾಗಿ 250 ಮಿಲಿಮೀಟರ್ ಉದ್ದ, ಒಳಗಿನ ಅಗಲ 4.6 ಮಿಲಿಮೀಟರ್. ಅದರೊಳಗೆ ಸಿಲಿಕಾದ ಸಣ್ಣ ಸಣ್ಣ ಗುಂಡುಗಳನ್ನು ಗಿಡಿದು ತುಂಬಿರುತ್ತಾರೆ. ಒಂದೊಂದು ಗುಂಡು 5 ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಹೆಚ್ಚು ಬಳಕೆಯಲ್ಲಿರುವ ಸಿ-18 ಕಾಲಂನಲ್ಲಿ ಆ ಗುಂಡುಗಳ ಮೈಗೆ ಹದಿನೆಂಟು ಇಂಗಾಲದ ಉದ್ದನೆಯ ಸರಪಳಿಗಳನ್ನು ರಾಸಾಯನಿಕವಾಗಿ ಕೂಡಿಸಿರುತ್ತಾರೆ. ಹಾಗಾಗಿ ಅವು ಎಣ್ಣೆ ಸ್ವಭಾವದವು. ನೀರಿಗೆ ಮೆಥನಾಲನ್ನೋ ಅಸಿಟೊನೈಟ್ರೈಲನ್ನೋ ಬೆರೆಸಿ ಒಂದು ಪಂಪು ಈ ಕೊಳವೆಯೊಳಗೆ ಎಡೆಬಿಡದೆ ನೂಕುತ್ತಿರುತ್ತದೆ. ಹರಿಯುವ ಈ ದ್ರಾವಕಕ್ಕೆ ಮೊಬೈಲ್ ಫೇಸ್ ಎನ್ನುತ್ತಾರೆ. ನೀರನ್ನು ಇಷ್ಟಪಡುವ ಅಣುಗಳು ಹರಿವಿನ ಜೊತೆ ಬೇಗ ಹೊರಡುತ್ತವೆ. ಎಣ್ಣೆ ಸ್ವಭಾವದವು ಗುಂಡುಗಳಿಗೆ ತಗುಲಿ, ಬಿಟ್ಟು, ಮತ್ತೆ ತಗುಲಿ, ತಡವಾಗಿ ಬರುತ್ತವೆ. ಮೆಥನಾಲ್ ಹೆಚ್ಚಿಸಿದರೆ ಹಿಡಿತ ಸಡಿಲ, ನೀರು ಹೆಚ್ಚಿಸಿದರೆ ಹಿಡಿತ ಬಿಗಿ. ಈ ಹದ ಕಂಡುಕೊಳ್ಳುವುದರಲ್ಲೇ ಲ್ಯಾಬಿನವರ ಅರ್ಧ ವಿದ್ಯೆ ಇದೆ.

ಖಾರದ ವಿಷಯ ಅರ್ಧಕ್ಕೇ ಬಿಟ್ಟೆ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞ ಖಾರ ಅಳೆಯಲು ಒಂದು ದಾರಿ ಹುಡುಕಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತ ಹೋಗುವುದು, ಕೂತ ನಾಲ್ಕೈದು ಮಂದಿಗೆ ಕುಡಿಸುವುದು, ಖಾರ ಗೊತ್ತಾಗದಷ್ಟು ತೆಳುವಾದಾಗ ನಿಲ್ಲಿಸುವುದು. ಎಷ್ಟು ಪಟ್ಟು ತೆಳು ಮಾಡಿದೆವೋ ಅಷ್ಟು ಸ್ಕೋವಿಲ್. ಒಳ್ಳೆಯ ಉಪಾಯ, ಆದರೆ ನಾಲ್ಕು ಗುಟುಕು ಕುಡಿದ ನಾಲಿಗೆ ಐದನೆಯದಕ್ಕೆ ಮರಗಟ್ಟಿರುತ್ತದೆ. ದಿನಾ ಖಾರ ತಿನ್ನುವ ನಮ್ಮ ಹಾವೇರಿ ಕಡೆಯವರ ನಾಲಿಗೆಯೂ ಪುಳಿಚಾರು ಉಣ್ಣುವವರ ನಾಲಿಗೆಯೂ ಒಂದೇ ಅಂಕಿ ಕೊಡಲಾರವು. ಈಗ ಆ ಕೆಲಸವನ್ನು ಕಾಲಂ ಮಾಡುತ್ತದೆ. ಕ್ಯಾಪ್ಸೈಸಿನ್ ಮೊದಲು ಬರುತ್ತದೆ, ಸ್ವಲ್ಪ ಹೊತ್ತಿಗೆ ಡೈಹೈಡ್ರೊಕ್ಯಾಪ್ಸೈಸಿನ್. ಇವೆರಡಕ್ಕೂ ಇರುವ ವ್ಯತ್ಯಾಸ ಬರೀ ಎರಡು ಜಲಜನಕದ ಪರಮಾಣುಗಳು. ಒಂದರ ಬಾಲದಲ್ಲಿ ಒಂದು ಜೋಡಿ ಬಂಧವಿದೆ, ಇನ್ನೊಂದರಲ್ಲಿ ಇಲ್ಲ. ನಾಲಿಗೆಗೆ ಎರಡೂ ಒಂದೇ ಉರಿ. ಆ ಗೇಣುದ್ದದ ಕೊಳವೆ ಅವುಗಳನ್ನು ಬೇರೆ ಬೇರೆ ನಿಲ್ಲಿಸಿ ತೋರಿಸುತ್ತದೆ. ಇಂಥ ಬೇರ್ಪಡಿಕೆಯನ್ನು ಮೊದಲು ಕಂಡಾಗ ನನಗಾದ ಸಂತೋಷ ಈಗಲೂ ಹಾಗೇ ಇದೆ.

ನಾನು ಕಂಡಿದ್ದು ನನ್ನ ತಂಗಿಯ ಮಗಳ ಲ್ಯಾಬಿನಲ್ಲಿ. ಅವಳು ಬೆಂಗಳೂರಿನಲ್ಲಿ ಔಷಧ ಪರೀಕ್ಷಿಸುವ ಲ್ಯಾಬೊಂದರಲ್ಲಿ ಅನಲಿಸ್ಟ್. ಹಿರಿಯರ ಅನುಮತಿ ಪಡೆದು ನನಗೊಂದು ಬಿಳಿ ಕೋಟು ತೊಡಿಸಿ ಒಳಗೆ ಕರೆದುಕೊಂಡು ಹೋಗಿದ್ದಳು. ಪರೀಕ್ಷೆ ಅಂದರೆ ಗುಂಡಿ ಒತ್ತಿದರೆ ಉತ್ತರ ಬರುತ್ತದೆ ಎಂದುಕೊಂಡಿದ್ದವನಿಗೆ, ಗುಂಡಿಯ ಹತ್ತಿರ ಹೋಗುವುದಕ್ಕೇ ಬೆಳಗಿನ ಪಾಳಿಯ ಅರ್ಧ ಕಳೆಯುತ್ತದೆ ಎಂದು ಅಲ್ಲಿ ಗೊತ್ತಾಯಿತು. ಮೊದಲು ಬಫರ್ ತೂಗಿ ಕರಗಿಸಿದಳು, ಪಿಎಚ್ ಮೀಟರಿನ ಕಡ್ಡಿ ಅದ್ದಿ ಹನಿ ಹನಿ ಆಮ್ಲ ಬಿಟ್ಟು ಹದಕ್ಕೆ ತಂದಳು. 0.45 ಮೈಕ್ರಾನ್ ರಂಧ್ರದ ಪೊರೆಯ ಮೂಲಕ ಅದನ್ನು ಸೋಸಿದಳು. ಆಮೇಲೆ ಬಾಟಲಿಯನ್ನು ಸೋನಿಕೇಟರಿನ ನೀರಿನಲ್ಲಿ ಇಟ್ಟಳು; ಕಂಪನಕ್ಕೆ ದ್ರಾವಕದೊಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೆದ್ದು ಹೋಯಿತು. ಒಂದು ಗುಳ್ಳೆ ಪಂಪಿಗೆ ಸಿಕ್ಕರೂ ಒತ್ತಡ ಏರುಪೇರಾಗಿ ಇಡೀ ದಿನದ ಕೆಲಸ ಹಾಳು. ಪಂಪು ಶುರುವಾದ ಮೇಲೂ ಅವಳು ಕೈಕಟ್ಟಿ ಕೂತಳು.

"ಈಗ್ಯಾಕ ಸುಮ್ನ ಕುಂತಿ?" ಎಂದೆ.

"ಕಾಲಂ ಹದಕ್ಕ ಬರಬೇಕು ಮಾಮಾ. ಬೇಸ್‌ಲೈನ್ ನೆಟ್ಟಗಾಗೂ ತನಕ ಇಂಜೆಕ್ಷನ್ ಕೊಡಂಗಿಲ್ಲ."

ಪರದೆಯ ಮೇಲೆ ಹಸಿರು ಗೆರೆ ನಡುಗುತ್ತ ನಡುಗುತ್ತ ನಿಧಾನಕ್ಕೆ ಮಟ್ಟವಾಯಿತು. ಮೊದಲು ಬರೀ ದ್ರಾವಕದ ಇಂಜೆಕ್ಷನ್. ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ, ಏನೂ ಇಲ್ಲದಾಗ ಏನೂ ಕಾಣಬಾರದು ಎಂದು ಖಾತ್ರಿ ಮಾಡಿಕೊಳ್ಳಲು. ಆಮೇಲೆ ಸ್ಟ್ಯಾಂಡರ್ಡ್, ಅಂದರೆ ಶುದ್ಧತೆ ಗೊತ್ತಿರುವ ಅದೇ ವಸ್ತು. ಅದನ್ನು ಒಂದಲ್ಲ ಎರಡಲ್ಲ, ಆರು ಸಲ ಕೊಡುತ್ತಾರೆ. ಆರೂ ಸಲ ಬಂದ ಅಂಕಿಗಳು ಸಾಮಾನ್ಯವಾಗಿ ಶೇಕಡಾ 2ರೊಳಗಿನ ವ್ಯತ್ಯಾಸದಲ್ಲಿ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಮಾತ್ರೆಯ ಪರೀಕ್ಷೆ ಶುರುವೇ ಆಗುವುದಿಲ್ಲ. ಇಷ್ಟೆಲ್ಲ ದಾಟಿದ ಮೇಲೆ ಮಾತ್ರೆಯ ಸರದಿ. ಒಂದು ಇಂಜೆಕ್ಷನ್ನಿಗೆ ಹಿಡಿಯುವ ದ್ರಾವಣ 10 ಅಥವಾ 20 ಮೈಕ್ರೋಲೀಟರ್, ಒಂದು ಹನಿಗಿಂತಲೂ ಕಡಿಮೆ. ನಿಮಿಷಕ್ಕೆ ಒಂದು ಮಿಲಿಲೀಟರ್ ಹರಿವು. ಒಳಗೆ ಒತ್ತಡ ನೂರು ಇನ್ನೂರು ಬಾರ್‌ವರೆಗೆ ಇರುತ್ತದೆ, ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಕೆಲವು ನಿಮಿಷ ಗೆರೆ ಮಲಗಿಯೇ ಇತ್ತು. ಆಮೇಲೆ ಎದ್ದಿತು, ಸೂಜಿಯ ತುದಿಯ ಹಾಗೆ ಚೂಪಾಗಿ ಮೇಲೇರಿ, ಅಷ್ಟೇ ನೀಟಾಗಿ ಇಳಿಯಿತು. ಪೀಕ್ ಎಂದರೆ ಇದು. ದೊಡ್ಡ ಪೀಕಿನ ಬುಡದಲ್ಲಿ ಒಂದು ಪುಟ್ಟ ಉಬ್ಬು ಕಂಡಿತು. ಅವಳು ಅದನ್ನು ಹಿಗ್ಗಿಸಿ ನೋಡಿದಳು; ಅವಳಿಗೆ ದೊಡ್ಡ ಪೀಕಿಗಿಂತ ಆ ಉಬ್ಬಿನ ಮೇಲೇ ಕಣ್ಣು. ಮಾತ್ರೆಯಲ್ಲಿ ಮದ್ದು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಮದ್ದಿನ ಜೊತೆ ಬೇರೆ ಏನು ಬಂದಿದೆ ಎಂಬುದು ಇನ್ನೊಂದು. ಎರಡನೆಯದಕ್ಕೇ ಹೆಚ್ಚು ಎಚ್ಚರ ಬೇಕು ಎಂದು ಅವಳ ಅಭಿಪ್ರಾಯ, ಈಗ ನನ್ನದೂ ಅದೇ.

ನಾನು ಉತ್ಸಾಹದಿಂದ, "ಅಂತೂ ಮದ್ದು ಸಿಕ್ಕಿತಲ್ಲ" ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಪೀಕ್ ಬಂತಂದ್ರ ಅದ ವಸ್ತು ಅಂತ ಹೇಳಾಕ ಬರಂಗಿಲ್ಲ ಮಾಮಾ. ಅದ ಟೈಮಿಗೆ ಏನೋ ಒಂದು ಹೊರಗ ಬಂತು, ಅಷ್ಟ. ಸ್ಟ್ಯಾಂಡರ್ಡ್ ಪಕ್ಕಕ್ಕ ಇಟ್ಟು ನೋಡಿದ್ರನ ಮಾತು."

ಈ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಇದೆಲ್ಲ ಶುರುವಾದ ಕಡೆಗೆ ಒಮ್ಮೆ ಹೋಗಿ ಬರೋಣ. ಏಕೆಂದರೆ ಆ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಅದು ನನಗೆ ಸರಿ ಕಾಣುವುದಿಲ್ಲ.

ಮಿಖಾಯಿಲ್ ತ್ಸ್ವೆಟ್ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಎಂಬ ಊರಲ್ಲಿ. ತಂದೆ ರಷ್ಯಾದವರು, ತಾಯಿ ಇಟಲಿ ಮೂಲದವರು. ತಾಯಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಹುಡುಗ ಬೆಳೆದು ಓದಿದ್ದು ಜಿನೀವಾದಲ್ಲಿ. ವೃತ್ತಿಯಿಂದ ಸಸ್ಯವಿಜ್ಞಾನಿ, ಕೆಲಸ ಮಾಡಿದ್ದು ಹೆಚ್ಚಾಗಿ ವಾರ್ಸಾದಲ್ಲಿ. ಎಲೆಯ ಹಸಿರಿನೊಳಗೆ ಏನೇನಿದೆ ಎಂಬುದು ಅವನನ್ನು ಕಾಡುತ್ತಿದ್ದ ಪ್ರಶ್ನೆ. ಗಾಜಿನ ಸಣ್ಣ ನಳಿಕೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣುಪಾದ ಪುಡಿ ತುಂಬಿದ. ಎಲೆಯ ರಸವನ್ನು ಮೇಲಿಂದ ಹಾಕಿದ, ಅದರ ಬೆನ್ನಿಗೆ ಶುದ್ಧ ದ್ರಾವಕ ಸುರಿದ. ಒಂದೇ ಹಸಿರಾಗಿ ಒಳಗೆ ಹೋದ ರಸ ಬಿಳಿಯ ಪುಡಿಯ ಮೇಲೆ ಪಟ್ಟೆ ಪಟ್ಟೆಯಾಗಿ ಒಡೆಯಿತು: ಹಳದಿ ಪಟ್ಟೆಗಳು ಬೇರೆ, ನೀಲಿ ಛಾಯೆಯ ಹಸಿರು ಬೇರೆ, ಹಳದಿ ಛಾಯೆಯ ಹಸಿರು ಬೇರೆ. ಇವತ್ತು ನಾವು ಕ್ಲೋರೊಫಿಲ್ ಎ ಮತ್ತು ಬಿ ಎನ್ನುತ್ತೇವಲ್ಲ, ಆ ಎರಡೂ ಕಣ್ಣೆದುರಿಗೆ ಬೇರೆಯಾಗಿ ನಿಂತಿದ್ದವು. 1903ರ ಮಾರ್ಚಿನಲ್ಲಿ ವಾರ್ಸಾದ ವಿದ್ವಾಂಸರೆದುರು ಈ ವಿಧಾನದ ಬಗ್ಗೆ ಮಾತಾಡಿದ, 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಪತ್ರಿಕೆಯಲ್ಲಿ ಬರೆದು ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟ.

ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಲೋಗಟ್ಟಲೆ ಎಲೆ ಕುದಿಸಿ ಹರಳು ತೆಗೆಯುವವರಿಗೆ, ಒಬ್ಬ ಸಸ್ಯವಿಜ್ಞಾನಿ ಬೆರಳು ಗಾತ್ರದ ನಳಿಕೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಮಾಡಿದ್ದು ವಿಜ್ಞಾನ ಅನ್ನಿಸಲಿಲ್ಲ. ಕ್ಲೋರೊಫಿಲ್ಲಿನ ಮೇಲಿನ ಕೆಲಸಕ್ಕೆ ನೊಬೆಲ್ ಬಂದಿದ್ದು 1915ರಲ್ಲಿ, ರಿಚರ್ಡ್ ವಿಲ್‌ಸ್ಟೇಟರಿಗೆ. ಅದೇ ವರ್ಷ ಮೊದಲ ಮಹಾಯುದ್ಧ ತ್ಸ್ವೆಟ್‌ನನ್ನು ವಾರ್ಸಾದಿಂದ ಎಬ್ಬಿಸಿತು. ಊರಿಂದೂರಿಗೆ ಅಲೆದು, ಆರೋಗ್ಯ ಕೆಟ್ಟು, 1919ರಲ್ಲಿ ರಷ್ಯಾದ ವರೋನೆಜ್‌ನಲ್ಲಿ ತನ್ನ 47ನೇ ವಯಸ್ಸಿಗೆ ತೀರಿಕೊಂಡ. ಅವನ ನಳಿಕೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದು 1931ರಲ್ಲಿ, ಜರ್ಮನಿಯ ಹೈಡಲ್‌ಬರ್ಗಿನಲ್ಲಿ ರಿಚರ್ಡ್ ಕುನ್ ಮತ್ತು ಎಡ್ಗರ್ ಲೆಡೆರರ್. ಗಜ್ಜರಿಯ ಕ್ಯಾರೊಟಿನ್ ಕೂಡ ಒಂದೇ ವಸ್ತುವಲ್ಲ ಎಂದು ಅವರು ಅದೇ ವಿಧಾನದಿಂದ ತೋರಿಸಿದರು. ಕಂಡುಹಿಡಿದವನು ಬದುಕಿರಲಿಲ್ಲ.

ಮುಂದಿನ ಹೆಜ್ಜೆ ಬಂದಿದ್ದು ಉಣ್ಣೆಯ ಕಡೆಯಿಂದ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಉಣ್ಣೆ ಉದ್ಯಮದವರ ಸಂಶೋಧನಾಲಯದಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್‌ಗೆ ಉಣ್ಣೆಯ ಪ್ರೋಟೀನಿನಲ್ಲಿ ಯಾವ ಯಾವ ಅಮೈನೊ ಆಮ್ಲ ಎಷ್ಟೆಷ್ಟಿದೆ ಎಂದು ತಿಳಿಯಬೇಕಾಗಿತ್ತು. ಸಿಲಿಕಾ ಪುಡಿಗೆ ನೀರು ಕುಡಿಸಿ ನಿಲ್ಲಿಸಿ, ಅದರ ಮೇಲೆ ಕ್ಲೋರೊಫಾರಂ ಹರಿಸಿದರು. ಎರಡು ದ್ರವಗಳ ನಡುವೆ ಹಂಚಿಕೆಯಾಗುವ ಗುಣದಿಂದಲೇ ಬೇರ್ಪಡಿಸುವ ಈ ವಿಧಾನ 1941ರಲ್ಲಿ ಪ್ರಕಟವಾಯಿತು, 1952ರಲ್ಲಿ ಇಬ್ಬರಿಗೂ ನೊಬೆಲ್ ತಂದಿತು. ಅದೇ 1941ರ ಲೇಖನದಲ್ಲಿ ಅವರು ಇನ್ನೊಂದು ವಿಷಯವನ್ನೂ ಹೇಳಿಟ್ಟಿದ್ದರು: ಕಣಗಳು ಸಣ್ಣದಾಗಿ, ಒತ್ತಡ ಜಾಸ್ತಿಯಾದರೆ ಬೇರ್ಪಡಿಕೆ ಇನ್ನೂ ಚೆನ್ನಾಗುತ್ತದೆ ಎಂದು. ಅಷ್ಟು ಒತ್ತಡ ಕೊಡುವ ಪಂಪು, ಅದನ್ನು ತಡೆಯುವ ಕೊಳವೆ ಆಗ ಇರಲಿಲ್ಲ. ಕಣದ ಗಾತ್ರ ಅರ್ಧ ಮಾಡಿದರೆ ಬೇಕಾಗುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ತಮಾಷೆಯ ಮಾತಲ್ಲ. 1960ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹಂಗೇರಿ ಮೂಲದ ಚಾಬಾ ಹೋರ್ವಾತ್ ಮುಂತಾದವರು ಅಂಥ ಯಂತ್ರ ಕಟ್ಟುವವರೆಗೆ ಆ ಮಾತು ಕಾಗದದ ಮೇಲೆಯೇ ಕಾದಿತ್ತು.

ಯಂತ್ರ ಬಂದ ಮೇಲೆ ಅದರ ಹೊಟ್ಟೆಗೆ ಬೇಕಾದದ್ದೂ ಬರಬೇಕಲ್ಲ. ಅಸಿಟೊನೈಟ್ರೈಲ್ ಎಂದು ಮೇಲೆ ಹೇಳಿದೆ. ಅದನ್ನು ಬೇಕೆಂದು ತಯಾರಿಸುವುದು ಕಡಿಮೆ. ಅಕ್ರಿಲೊನೈಟ್ರೈಲ್ ಎಂಬ ಇನ್ನೊಂದು ರಾಸಾಯನಿಕ ಮಾಡುವಾಗ ಜೊತೆಗೆ ಸಿಗುವ ಪದಾರ್ಥ ಇದು. ಅಕ್ರಿಲೊನೈಟ್ರೈಲ್ ಬೇಕಾಗುವುದು ಅಕ್ರಿಲಿಕ್ ನೂಲಿಗೆ, ಕಾರು ಮತ್ತು ಯಂತ್ರಗಳ ಪ್ಲಾಸ್ಟಿಕ್ಕಿಗೆ. 2008ರಲ್ಲಿ ಜಗತ್ತಿನ ವ್ಯಾಪಾರ ಕುಸಿದು ಕಾರು ಕೊಳ್ಳುವವರು ಕಡಿಮೆಯಾದರು, ಬೀಜಿಂಗ್ ಒಲಿಂಪಿಕ್ಸ್‌ಗೆಂದು ಚೀನಾದ ಕಾರ್ಖಾನೆಗಳನ್ನು ಕೆಲಕಾಲ ನಿಲ್ಲಿಸಿದರು, ಅಮೆರಿಕದ ಟೆಕ್ಸಾಸಿಗೆ ಚಂಡಮಾರುತ ಅಪ್ಪಳಿಸಿತು. ಮೂರೂ ಸೇರಿ ಜಗತ್ತಿನ ಲ್ಯಾಬುಗಳಲ್ಲಿ ಅಸಿಟೊನೈಟ್ರೈಲಿಗೆ ಬರ ಬಿತ್ತು. ಎಲ್ಲೋ ಕಾರು ಮಾರಾಟವಾಗದೆ ನಿಂತರೆ ಇನ್ನೆಲ್ಲೋ ಮಾತ್ರೆಯ ಪರೀಕ್ಷೆಗೆ ದ್ರಾವಕ ಸಿಗುವುದಿಲ್ಲ! ಆಗ ಬಹಳ ಕಡೆ ಮೆಥನಾಲಿಗೆ ವಿಧಾನಗಳನ್ನು ಬದಲಿಸಿಕೊಂಡರು. ತೆಳು ಕಾಲಂ, ಸಣ್ಣ ಕಣ ಬಳಸಿ ದ್ರಾವಕ ಉಳಿಸುವ ಹೊಸ ಯಂತ್ರಗಳಿಗೂ ಬೇಡಿಕೆ ಬಂತು.

ಅದೇ 2008 ಇನ್ನೊಂದು ದೊಡ್ಡ ಸಂಕಟದ ವರ್ಷ. ಚೀನಾದಲ್ಲಿ ಹಾಲಿಗೆ ನೀರು ಬೆರೆಸಿ, ಆ ಮೋಸ ಗೊತ್ತಾಗದಿರಲಿ ಎಂದು ಮೆಲಮೈನ್ ಸೇರಿಸಿದ್ದರು. ಮೆಲಮೈನ್ ಅಂದರೆ ತಟ್ಟೆ ಲೋಟ ಮಾಡುವ ಪ್ಲಾಸ್ಟಿಕ್ಕಿನ ಕಚ್ಚಾವಸ್ತು. ಯಾಕೆ ಅದನ್ನೇ ಆರಿಸಿದರು? ಹಾಲಿನ ಪ್ರೋಟೀನ್ ಅಳೆಯಲು ಬಳಸುತ್ತಿದ್ದದ್ದು 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಕಂಡುಹಿಡಿದ ವಿಧಾನ. ಅದು ಪ್ರೋಟೀನನ್ನು ನೇರ ಅಳೆಯುವುದಿಲ್ಲ. ಒಟ್ಟು ಸಾರಜನಕ ಅಳೆದು, ಅದರಿಂದ ಪ್ರೋಟೀನಿನ ಲೆಕ್ಕ ಹಾಕುತ್ತದೆ. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ನೀರು ಹಾಲು ಪರೀಕ್ಷೆಯಲ್ಲಿ ಗಟ್ಟಿ ಹಾಲಿನ ಅಂಕಿ ಪಡೆಯಿತು. ಸುಮಾರು ಮೂರು ಲಕ್ಷ ಮಕ್ಕಳು ಮೂತ್ರಪಿಂಡದ ಕಲ್ಲು ಮುಂತಾದ ತೊಂದರೆಗೆ ಸಿಕ್ಕಿಬಿದ್ದರು, ಆರು ಕೂಸುಗಳು ತೀರಿಕೊಂಡವು. ಕೆಲ್ಡಾಲರ ವಿಧಾನ ತಪ್ಪು ಎಂದು ನಾನು ಹೇಳುವುದಿಲ್ಲ, ಪ್ರಾಮಾಣಿಕ ಹಾಲಿಗೆ ಅದು ಈಗಲೂ ಸರಿಯಾದ ಉತ್ತರ ಕೊಡುತ್ತದೆ. ಆದರೆ ಬಿಡಿಸದೆ ಒಟ್ಟು ಅಳೆಯುವ ಯಾವ ಪರೀಕ್ಷೆಯನ್ನೂ ಮೋಸಗಾರ ಒಂದಲ್ಲ ಒಂದು ದಿನ ಕಲಿತುಬಿಡುತ್ತಾನೆ. ಸುಡಾನಿನಲ್ಲಿ ಆದದ್ದೂ ಇದೇ, ಮೆಲಮೈನಿನಲ್ಲಿ ಆದದ್ದೂ ಇದೇ. ಕಾಲಂಗೆ ಆ ಹಾಲನ್ನು ಕೊಟ್ಟರೆ ಮೆಲಮೈನ್ ತನ್ನದೇ ಹೊತ್ತಿಗೆ ಬೇರೆ ಪೀಕಾಗಿ ಎದ್ದು ನಿಲ್ಲುತ್ತದೆ. ಆ ದುರಂತದ ಮೇಲೆ ಜಗತ್ತಿನ ಹಲವು ಲ್ಯಾಬುಗಳು ಈ ದಾರಿಗೇ ಬಂದವು.

ಇಷ್ಟು ದೂರದ ಮಾತೇಕೆ, ನಮ್ಮ ಮನೆಯಲ್ಲೇ ಒಂದು ಸಾಕ್ಷಿ ಇದೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯ ವರದಿ ತೆಗೆದು ನೋಡಿ. ಬಹಳ ವರದಿಗಳಲ್ಲಿ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ವಿಧಾನ: ಎಚ್‌ಪಿಎಲ್‌ಸಿ ಎಂದಿರುತ್ತದೆ. ಬೆಳಿಗ್ಗೆ ಬೆರಳು ಚುಚ್ಚಿ ನೋಡುವ ಸಕ್ಕರೆ ಆ ಗಳಿಗೆಯದ್ದು, ಎರಡು ದಿನ ಸಿಹಿ ಬಿಟ್ಟು ಹೋದರೆ ಅದು ಇಳಿಯುತ್ತದೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಅದರ ಹಿಮೋಗ್ಲೋಬಿನ್ನಿಗೆ ಸಕ್ಕರೆ ಒಂದಿಷ್ಟಿಷ್ಟೇ ಅಂಟುತ್ತಿರುತ್ತದೆ. ಅಂಟಿದ ಜಾಗದಲ್ಲಿ ಹಿಮೋಗ್ಲೋಬಿನ್ನಿನ ಧನ ಆವೇಶ ಕಡಿಮೆಯಾಗುತ್ತದೆ. ಋಣ ಆವೇಶದ ಕಾಲಂ ಅದನ್ನು ಗಟ್ಟಿಯಾಗಿ ಹಿಡಿಯಲಾರದು, ಹಾಗಾಗಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಅಂಟದ್ದಕ್ಕಿಂತ ಮುಂಚೆಯೇ ಹೊರಬರುತ್ತದೆ. ಎರಡು ಪೀಕುಗಳ ಪ್ರಮಾಣ ನೋಡಿ ಶೇಕಡಾ ಲೆಕ್ಕ ಹಾಕುತ್ತಾರೆ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ನಿನಲ್ಲಿ ಏನೋ ಬೇರೆ ಇದೆ ಎಂದು 1968ರಲ್ಲಿ ಗುರುತಿಸಿದವರು ಇರಾನಿನ ಟೆಹ್ರಾನಿನಲ್ಲಿದ್ದ ಸ್ಯಾಮ್ಯುಯೆಲ್ ರಹಬರ್. ಇದೇ ಬಗೆಯ ಯಂತ್ರ ಥಲಸ್ಸೀಮಿಯಾ ಹೊತ್ತಿರುವವರನ್ನೂ, ಸಿಕಲ್ ಸೆಲ್ ಇರುವವರನ್ನೂ ಪತ್ತೆ ಮಾಡುತ್ತದೆ. ಅವರ ಹಿಮೋಗ್ಲೋಬಿನ್ ಬೇರೆ ಹೊತ್ತಿಗೆ, ಬೇರೆ ಪ್ರಮಾಣದಲ್ಲಿ ಬರುತ್ತದೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಿಗೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಿಗೂ ಅಂಕಿ ನಂಬುವಂತಿರುವುದಿಲ್ಲ. ಡಾಕ್ಟರಿಗೆ ಇದನ್ನು ನೀವಾಗಿಯೇ ತಿಳಿಸಿ.

ಈಗ ನನ್ನ ಸೊಸೆಯ ಮಾತಿಗೆ ಬರೋಣ. ನಮ್ಮ ಕಡೆ ತಂಗಿಯ ಮಗಳನ್ನೂ ಸೊಸೆ ಎನ್ನುತ್ತೇವೆ. ಪೀಕಿಗೆ ಹೆಸರಿಲ್ಲ ಎಂದಳಲ್ಲ, ಕಾಫಿ ಪುಡಿಯನ್ನು ಇಟ್ಟುಕೊಂಡು ಅದನ್ನು ನೋಡಬಹುದು. ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ತಿಳಿಯಬೇಕು ಅನ್ನಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಕೆಫೀನಿನ ಪೀಕ್ ಅಳೆದರೆ ಸಾಕು ಎಂದು ತೋರುತ್ತದೆ. ಆದರೆ ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ ಸುಮಾರು 2.2. ಅರ್ಧ ರೊಬಸ್ಟಾ, ಅರ್ಧ ಚಿಕೋರಿ ಬೆರೆಸಿದರೂ ಕೆಫೀನು ಹೆಚ್ಚುಕಡಿಮೆ ಶುದ್ಧ ಅರೇಬಿಕಾದಷ್ಟೇ ಬರುತ್ತದೆ. ಪೀಕ್ ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ಆಗ ಬೇರೆ ಕಾಲಂ ಹಾಕಿ ಸಕ್ಕರೆಗಳ ಕಡೆ ನೋಡಬೇಕು, ಏಕೆಂದರೆ ಚಿಕೋರಿ ಬೇರಿನಲ್ಲಿ ಇನ್ಯುಲಿನ್ ತುಂಬಿದೆ, ಅದು ಫ್ರುಕ್ಟೋಸಿನ ಸರಪಳಿ. ಇನ್ನೂ ಅನುಮಾನವಿದ್ದರೆ ಕಾಲಂ ಬಾಗಿಲಲ್ಲೇ ಮಾಸ್ ಸ್ಪೆಕ್ಟ್ರೊಮೀಟರ್ ಇಟ್ಟು, ಬಂದ ಅಣುವಿನ ತೂಕವನ್ನೂ ಅದು ಒಡೆಯುವ ರೀತಿಯನ್ನೂ ನೋಡುತ್ತಾರೆ. ಯಂತ್ರ ದೊಡ್ಡದಾದಷ್ಟೂ ಅದರ ಮುಂದೆ ಕೂತವರ ತಿಳಿವಳಿಕೆಯೂ ದೊಡ್ಡದಾಗಬೇಕು. ಮಾತ್ರೆಯ ಪಟ್ಟಿಯ ಹಿಂದೆ ಬ್ಯಾಚ್ ನಂಬರ್ ಎಂದು ಅಚ್ಚು ಹಾಕುತ್ತಾರಲ್ಲ, ಅಂಥ ಒಂದೊಂದು ನಂಬರಿನ ಹಿಂದೆಯೂ ರಾತ್ರಿ ಪಾಳಿಯಲ್ಲಿ ಬೇಸ್‌ಲೈನ್ ಕಾಯುತ್ತ ಕೂತ ಯಾರೋ ಹುಡುಗ, ಹುಡುಗಿ ಇರುತ್ತಾರೆ. ಅವರಿಗೆ ಸಿಗಬೇಕಾದ ಗೌರವ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಅವರಲ್ಲಿ ಬಹುಪಾಲು ನಮ್ಮ ಬಿ.ಎಸ್ಸಿ., ಎಂ.ಎಸ್ಸಿ., ಬಿ.ಫಾರ್ಮಾ ಮಕ್ಕಳೇ. ಎಷ್ಟೋ ಜನ ಕಾಲೇಜಿನಲ್ಲಿ ಕ್ರೊಮ್ಯಾಟೊಗ್ರಫಿಯನ್ನು ಬರೀ ಬಾಯಿಪಾಠ ಮಾಡಿ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕಾಲಂ ಮುಟ್ಟುತ್ತಾರೆ. ಎಚ್‌ಪಿಎಲ್‌ಸಿ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಸಣ್ಣ ಊರಿನ ಕಾಲೇಜಿಗೆ ಅದು ಆಗದ ಮಾತು, ಒಪ್ಪಿದೆ. ಆದರೆ ತ್ಸ್ವೆಟ್‌ಗೆ ಬೇಕಾಗಿದ್ದದ್ದು ಒಂದು ಗಾಜಿನ ನಳಿಕೆ, ಕ್ಯಾಲ್ಸಿಯಂ ಕಾರ್ಬೊನೇಟ್, ಹಸಿರು ಎಲೆ, ದ್ರಾವಕ. ಇಷ್ಟು ಯಾವ ತಾಲ್ಲೂಕಿನ ಲ್ಯಾಬಿನಲ್ಲಿ ಇಲ್ಲ? ಕೆಮಿಸ್ಟ್ರಿ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷ ನಿಮ್ಮ ಮಕ್ಕಳ ಕೈಯಲ್ಲಿ ಒಂದು ಕಾಲಂ ಕಟ್ಟಿಸಿ. ನಳಿಕೆಯ ಬುಡಕ್ಕೆ ಹತ್ತಿ ಇಟ್ಟು, ಚೆನ್ನಾಗಿ ಒಣಗಿಸಿದ ಪುಡಿಯನ್ನು ಬಿರುಕಿಲ್ಲದಂತೆ ತುಂಬಲಿ. ಪಾಲಕ್ ಎಲೆಯ ರಸವನ್ನು ಪೆಟ್ರೋಲಿಯಂ ಈಥರಿಗೆ ಇಳಿಸಿಕೊಂಡು ಮೇಲಿನಿಂದ ಸ್ವಲ್ಪವೇ ಹಾಕಲಿ, ಹಿಂದೆಯೇ ದ್ರಾವಕ ಬಿಡಲಿ. ಕ್ಯಾರೊಟಿನ್ನಿನ ಹಳದಿ ಮೊದಲು ಕೆಳಗಿಳಿಯುತ್ತದೆ, ಹಸಿರು ಮೇಲೇ ಉಳಿದು ಎರಡಾಗುತ್ತದೆ. ಒಂದೇ ತರಗತಿಯ ಅವಧಿಯಲ್ಲಿ ಮುಗಿಸಬೇಕೆಂದು ಅವಸರ ಮಾಡಬೇಡಿ. ಪೆಟ್ರೋಲಿಯಂ ಈಥರ್ ಬಹಳ ಬೇಗ ಬೆಂಕಿ ಹಿಡಿಯುತ್ತದೆ, ಆದ್ದರಿಂದ ಕಿಟಕಿ ತೆಗೆದಿಡಿ, ಆ ಹೊತ್ತು ಲ್ಯಾಬಿನಲ್ಲಿ ಯಾವ ಬರ್ನರನ್ನೂ ಹಚ್ಚಬೇಡಿ.